ದೇವರ ಮುಂದಿನ ಕಿತ್ತಳೆ

ಹೆತ್ತೂರಿನ ಕಡೆ ನಮ್ಮ ದೊಡ್ಡಪ್ಪನ ಕಾಫಿ ತೋಟದ ನಡುನಡುವೆ ಕಿತ್ತಳೆ ಮರಗಳಿದ್ದವು. ತೊಂಬತ್ತರ ದಶಕದಲ್ಲಿ ಅವು ಒಂದೊಂದಾಗಿ ಎಲೆ ಹಳದಿಯಾಗಿ ಒಣಗತೊಡಗಿದವು. ಪೂರ್ತಿ ಹೋಗುವ ಮೊದಲು ಅವುಗಳದೇ ಬೀಜದಿಂದ ಸಸಿ ಎಬ್ಬಿಸಿ ಮನೆಯ ಕಿತ್ತಳೆಯನ್ನು ಉಳಿಸಿಕೊಳ್ಳಬೇಕೆಂಬುದು ದೊಡ್ಡಪ್ಪನ ಹಟ.

ಬೀಜಕ್ಕೆ ನಮ್ಮಲ್ಲೊಂದು ಪದ್ಧತಿ. ಕೊಯ್ಲಿನ ಮೊದಲ ದಿನ ಎಲ್ಲಕ್ಕಿಂತ ದೊಡ್ಡ ಹಣ್ಣುಗಳನ್ನು ದೇವರ ಮುಂದಿಟ್ಟು, ಅವುಗಳ ಬೀಜವನ್ನೇ ಬೂದಿಯಲ್ಲಿ ಹೊರಳಿಸಿ ಪಾತಿಗೆ ಹಾಕುವುದು. ದೇವರಿಗೆ ಸಣ್ಣದನ್ನು ಕೊಡುವುದುಂಟೇ? ಆ ವರ್ಷ ದೊಡ್ಡ ಹಣ್ಣೆಲ್ಲ ಬಂದದ್ದು ಗೇಟಿನ ಬಳಿಯ ಒಂದೇ ಮರದಿಂದ. ಹಳ್ಳದ ದಂಡೆಯ ಮರಗಳದು ಸಣ್ಣ ಹಣ್ಣು, ಕೊಂಬೆ ಬಾಗುವಷ್ಟು. ತಿನ್ನಲು ನಾವು ಓಡುತ್ತಿದ್ದದ್ದು ಮಾತ್ರ ಅಲ್ಲಿಗೇ.

ಸಸಿ ನೋಡಲು ಬಂದ ತೋಟಗಾರಿಕೆ ಅಧಿಕಾರಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಗುಣ ಒಂಟಿಯಾಗಿ ಬರಲ್ಲ ಯಜಮಾನ್ರೇ. ಗಾತ್ರ ನೋಡಿ ಆರಿಸಿದ್ರೆ ದಪ್ಪ ಸಿಪ್ಪೆನೂ ಜೊತೆಗೆ ಬರಬಹುದು. ರಸ ಕಮ್ಮಿ ಆಗಬಹುದು, ಫಸಲೂ ಕಮ್ಮಿ ಆಗಬಹುದು. ಹಳ್ಳದ ಕಡೇದೂ ಹಾಕಿ,” ಎಂದರು.

ಅವರ ಜೀಪು ತಿರುವು ದಾಟುವ ಮೊದಲೇ ನಾನು ಇಲ್ಲದ ಕನ್ನಡಕ ಜಾರಿಸಿ, ಅವರದೇ ದನಿಯಲ್ಲಿ, “ಹೆಣ್ಣು ಒಂಟಿಯಾಗಿ ಬರಲ್ಲ ಯಜಮಾನ್ರೇ, ಭಾವಮೈದನೂ ಜೊತೆಗೆ ಬರಬಹುದು,” ಎಂದೆ.

“ಬತ್ತಾನೆ ಕಣೋ, ಬಂದು ಇಲ್ಲೇ ಕೂತ್ಕಬುಡ್ತಾನೆ!” ಎಂದು ದೊಡ್ಡಪ್ಪ ಕೆಮ್ಮು ಬರುವಷ್ಟು ನಕ್ಕರು. ದೊಡ್ಡಮ್ಮನ ತಮ್ಮ ಜಗುಲಿಯಲ್ಲೇ ಕಾಫಿ ಕುಡಿಯುತ್ತಿದ್ದರು.

ಹಳ್ಳದ ಕಡೆಯ ಬೀಜ ಯಾರೂ ಹಾಕಲಿಲ್ಲ. ಸಸಿಗಳು ಮರವಾಗುವಷ್ಟರಲ್ಲಿ ಅಲ್ಲಿನ ಮರಗಳೆಲ್ಲ ಒಣಗಿ ಸೌದೆಯಾದವು.

ಹೊಸ ಮರಗಳು ಮೊದಲ ಸಲ ಬಿಟ್ಟಾಗ ಒಂದೊಂದರಲ್ಲೂ ನಾಲ್ಕಾರು ಹಣ್ಣು. ನೋಡಲು ಚೆಂಡಿನಂತಿದ್ದವು. ಪೂಜೆ ಮುಗಿಸಿ ದೊಡ್ಡಪ್ಪ ಒಂದನ್ನು ಸುಲಿದರು. ದಪ್ಪ ಸಿಪ್ಪೆ ಸಡಿಲ ಅಂಗಿಯಂತೆ ಕಳಚಿ ಬಂತು. ನನ್ನ ಹಾಗೆಯೇ, ಹೊರಗೆ ಗಾತ್ರ, ಒಳಗೆ ಗಾಳಿ. ತೊಳೆಗಳಲ್ಲಿ ರಸವಿರಲಿಲ್ಲ.

ಹಿಂದೆಲ್ಲ ನಮ್ಮಿಂದ ಬುಟ್ಟಿಗಟ್ಟಲೆ ಹಣ್ಣು ಹೋಗುತ್ತಿದ್ದ ಮಗ್ಗೆಯ ನೆಂಟರನ್ನೂ, ಹಳ್ಳದ ಹಣ್ಣಿನ ಬೀಜ ಯಾರಾದರೂ ಹಾಕಿದ್ದಾರೆಯೇ ಎಂದು ವಿಚಾರಿಸಿದ್ದಾಯಿತು. ಎಲ್ಲರೂ ತಿಂದು ಬೀಜ ಉಗಿದವರೇ.

ಆ ಸಂಜೆ ದೊಡ್ಡಪ್ಪ ಕೇಳಿದರು: “ಎಲ್ಲಾರ್ನೂ ಆಡಿ ತೋರಿಸ್ತೀಯಲ್ಲೋ ಮಾರಾಯ. ಹಳ್ಳದ ಹಣ್ಣಿನ ರುಚಿ ಹೆಂಗಿತ್ತು, ಹೇಳು ನೋಡಾನ.”

ಹುಳಿ ಎಂದೆ. ಸಿಹಿ ಎಂದೆ.

“ಎಲ್ಲಾ ಕಿತ್ತಳೆನೂ ಅಷ್ಟೇ ಕಣೋ,” ಎಂದರು. ಕೈಯಲ್ಲಿದ್ದ ತೊಳೆಯನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಉಗಿಯದೆ ನುಂಗಿದರು.