ಕಪಿಲೆ ಬಾವಿಯ ಮಗ್ಗಿ

ಅಲ್ಲಾಳಸಂದ್ರದ ಕೆರೆ ಕೆಳಗೆ ನಮ್ಮದು ಸೊಪ್ಪಿನ ತೋಟ. ಆಗಿನ್ನೂ ಪಂಪು ಬಂದಿರಲಿಲ್ಲ, ಅಪ್ಪ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿದು ಚರ್ಮದ ಬಾನಿ ಬಾವಿಯಿಂದ ಮೇಲೆ ಬರುವಷ್ಟರಲ್ಲಿ ನನ್ನ ತಮ್ಮ ಮಗ್ಗಿಯ ಒಂದು ಸಾಲು ಹೇಳಬೇಕು. ಆಮೇಲೆ ಅಪ್ಪ ನನ್ನ ಕಡೆ ತಿರುಗುತ್ತಿದ್ದ. "ಏನಮ್ಮಿ, ಸರಿಯಾ?"

ಅಪ್ಪನಿಗೆ ಓದು ಬರದು. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು. ನಾನು ತಪ್ಪು ಅಂದರೆ ಬಾರುಕೋಲು ಎತ್ತನ್ನು ಬಿಟ್ಟು ತಮ್ಮನ ಕಾಲಿಗೆ ಬೀಳುತ್ತಿತ್ತು. "ನಿಮ್ಮಕ್ಕ ಓದಿರೋದು ಮೂರೇ ಕ್ಲಾಸು. ಅವ್ಳಿಗಿರೋ ಬುದ್ದಿ ನಿಂಗಿಲ್ವಲ್ಲೋ" ಅನ್ನುತ್ತಿದ್ದ. ಆ ಮಾತು ನನಗೆ ಹಿತವಾಗಿತ್ತು. ಮನೆಯಲ್ಲಿ ನನ್ನನ್ನು ಹೊಗಳುತ್ತಿದ್ದುದು ಅದೊಂದಕ್ಕೇ.

ನನಗೆ ಬರುತ್ತಿದ್ದುದು ಹತ್ತರ ಮಗ್ಗಿಯವರೆಗೆ. ತಮ್ಮ ಅದನ್ನು ದಾಟಿದ ಮೇಲೆ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಅವನ ಮುಖ ನೋಡಿ ಹೇಳತೊಡಗಿದೆ. ಪಟಪಟ ಅಂದರೆ ಸರಿ, ತಡವರಿಸಿದರೆ ತಪ್ಪು.

ಒಂದು ಬೆಳಿಗ್ಗೆ ಅವನು "ಹದಿಮೂರೇಳ್ಲ" ಅಂದು ನಿಂತ. ಬಾರುಕೋಲು ನೋಡಿದ. "ತೊಂಬತ್ತೊಂದು" ಅಂದ.

"ತಪ್ಪು" ಅಂದೆ.

ಏಟು ಬಿತ್ತು. ಅವನು ಅಳಲಿಲ್ಲ. ಮಡಿಗೆ ನೀರು ತಿರುಗಿಸುತ್ತಿದ್ದ ನನ್ನ ಹತ್ತಿರ ಬಂದು, "ಮತ್ತೆ ಎಷ್ಟಕ್ಕಾ?" ಅಂದ.

"ನೀನೇ ಯೋಚ್ನೆ ಮಾಡು."

"ತೊಂಬತ್ಮೂರಾ?"

ಅಪ್ಪ ಇತ್ತಲೇ ನೋಡುತ್ತಿದ್ದ. "ಹೂಂ" ಅಂದೆ.

ಕೆಲವು ದಿನ ಕಳೆದು ಸ್ಕೂಲಿನ ಮೇಷ್ಟ್ರು ದಂಟಿನ ಸೊಪ್ಪಿಗೆ ತೋಟಕ್ಕೆ ಬಂದರು. ತಮ್ಮನೂ ಅಲ್ಲೇ ಇದ್ದ. "ನಿನ್ ಮಗಂದು ಒಂದ್ ಥರಾ ಕಣಯ್ಯ" ಅಂದರು ಅಪ್ಪನಿಗೆ. "ಹದಿಮೂರೇಳ್ಲ ಎಷ್ಟೋ ಅಂದೆ. ಸರಿಯಾಗಿ ತೊಂಬತ್ತೊಂದು ಅಂದ. ಕೂತವನು ಮತ್ತೆ ಎದ್ದು, ಅಲ್ಲ ಸಾರ್, ತೊಂಬತ್ಮೂರು ಅಂತಾನೆ. ಗೊತ್ತಿರೋದನ್ನ ತಾನೇ ಕೆಡಿಸ್ಕೋತಾನೆ."

ತಮ್ಮ ನನ್ನನ್ನು ನೋಡಿದ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಸೊಪ್ಪಿನ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದೆ, ಬಿಗಿದಾದ ಮೇಲೂ ಸುತ್ತುತ್ತಲೇ ಇದ್ದೆ.

"ಕೇಳಿದ್ಯೇನ್ಲಾ?" ಅಂದ ಅಪ್ಪ. "ನಿನ್ ಮಾತು ನಿಂಗೇ ನಿಲ್ಲಲ್ಲ."

ಅಪ್ಪ ಕೆಟ್ಟವನಲ್ಲ. ಏಟು ಬಿದ್ದರೆ ವಿದ್ಯೆ ಹತ್ತುತ್ತದೆ ಎಂದು ನಂಬಿದ್ದ, ನನ್ನನ್ನೂ ನಂಬಿದ್ದ. ತಮ್ಮ ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಐದನೇ ಕ್ಲಾಸು ಎರಡು ಸಲ ಫೇಲಾದ. "ಇವನ ತಲೇಲಿ ಏನೂ ಇಲ್ಲ" ಎಂದು ಅಪ್ಪ ಬಾರುಕೋಲನ್ನು ಅವನ ಕೈಗೇ ಕೊಟ್ಟ.

ಹೋದ ಯುಗಾದಿಗೆ ಅವನು ನಮ್ಮ ಮನೆಗೆ ಬಂದಿದ್ದ, ತಲೆಯೆಲ್ಲ ನೆರೆತಿದೆ. ಊಟವಾದ ಮೇಲೆ ಹೇಳಿಬಿಟ್ಟೆ. "ಅವತ್ತು ನೀನು ತೊಂಬತ್ತೊಂದು ಅಂದಿದ್ದೇ ಸರಿ ಕಣೋ. ಬರ್ದೇ ಇದ್ದಿದ್ದು ನಂಗೆ."

ಅವನು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ನನ್ನ ಮುಖವನ್ನೇ ನೋಡುತ್ತ, "ಹೌದಾ ಅಕ್ಕಾ? ಮೇಷ್ಟ್ರು ಹೇಳಿದ್ರೂ ನೀನು ತಪ್ಪು ಅಂದಿದ್ಯಲ್ಲ. ಸರಿಯಾಗೇ ಹೇಳಿದ್ನಾ?" ಅಂದ.