ಹ್ಯಾಂಡ್‌ಬ್ರೇಕಿನ ಸದ್ದು

ನಿಮ್ಮ ಮನೆಯಲ್ಲಿ ಸಂಜೆಯಾಯಿತೆಂದು ನಿಮಗೆ ಹೇಗೆ ಗೊತ್ತಾಗುತ್ತದೆಯೋ ನಾನರಿಯೆ. ಹಾಲಿನವನ ಸೈಕಲ್ಲಿನ ಗಂಟೆಯಿಂದಲೋ, ಪಕ್ಕದ ಮನೆಯ ಕುಕ್ಕರಿನ ಕೂಗಿನಿಂದಲೋ ಇರಬಹುದು. ಮೆಲ್ಬೋರ್ನಿನ ಕ್ರಾನ್‌ಬರ್ನ್ ಎಂಬ ಸಬರ್ಬಿನಲ್ಲಿ, ಮಗಳು ವಿಜಯಾಳ ಮನೆಯಲ್ಲಿ, ನನಗೆ ಸಂಜೆಯಾಗುವುದು ಒಂದು ಸದ್ದಿನಿಂದ. ಮನೆ ಮುಂದಿನ ಇಳಿಜಾರಿನಲ್ಲಿ ಕಾರು ಬಂದು ನಿಲ್ಲುತ್ತದೆ, ಎಂಜಿನ್ನು ಸುಮ್ಮನಾಗುತ್ತದೆ, ಆಮೇಲೆ ಎರಡು ಸೀಟುಗಳ ನಡುವಿನ ಹಿಡಿಕೆಯನ್ನು ಮೇಲಕ್ಕೆಳೆದಾಗ ಬರುವ ಕರಕರ ಸದ್ದು ಒಣ ಹಪ್ಪಳ ಮುರಿದಂತೆ ಅಡುಗೆಮನೆಯವರೆಗೂ ಕೇಳುತ್ತದೆ. ಅದು ಹ್ಯಾಂಡ್‌ಬ್ರೇಕು. ಅದು ಕೇಳಿದ ಮೇಲೆ ನಾನು ಚಹಾಕ್ಕೆ ನೀರಿಡುತ್ತಿದ್ದೆ. ನೀರು ಕುದಿಯುತ್ತಿತ್ತು, ಪುಡಿ ಬೀಳುತ್ತಿತ್ತು, ಹಾಲು ಬೀಳುತ್ತಿತ್ತು, ಸೋಸಿಯೂ ಆಗುತ್ತಿತ್ತು. ಕಾರಿನ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಬಂದು ನಿಂತವಳಿಗೆ ಇಳಿಯಲಿಕ್ಕೆ ಇಷ್ಟು ಹೊತ್ತೇಕೆ ಎಂದು ನನಗೆ ಬಹಳ ದಿನ ಸಿಟ್ಟಿತ್ತು. ಬೇರೇನಕ್ಕೂ ಅಲ್ಲ, ಚಹಾ ಆರುತ್ತಿತ್ತು, ಅದಕ್ಕೆ.

ಬ್ರೇಕಿನ ಸದ್ದಿಗೆ ಕಿವಿ ಕೊಡುವುದು ನನಗೆ ಹಳೆಯ ಚಾಳಿ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬ್ರೇಕಿನ ವಿಷಯ ನನಗೆ ತಿಳಿದಿರುವುದೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಲಿತದ್ದು. ನನ್ನ ಯಜಮಾನರು ಹುಬ್ಬಳ್ಳಿಯಿಂದ ಪಡುವಣಕ್ಕೆ ಇಳಿಯುವ ಘಟ್ಟದ ಲೈನಿನಲ್ಲಿ ಗೂಡ್ಸ್ ಬಂಡಿಯ ಬ್ರೇಕು ಹಿಡಿಯುವ ಬ್ರೇಕ್ಸ್‌ಮನ್ ಆಗಿದ್ದರು. ಅವರ ಖಾಕಿ ಅಂಗಿಯನ್ನು ನೀರಿಗೆ ಹಾಕಿದರೆ ಬಕೆಟ್ಟಿನ ನೀರೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಗಾಲಿಗೆ ಉಜ್ಜಿ ಉಜ್ಜಿ ಉದುರಿದ ಬ್ರೇಕಿನ ಕಬ್ಬಿಣದ ಪುಡಿ ಅದು. ಎಷ್ಟು ಸಲ ಜಾಲಿಸಿದರೂ ಹೋಗುತ್ತಿರಲಿಲ್ಲ. ಕೊನೆಗೆ ನಾನು ಹೊಸ ಸೀರೆಯನ್ನು ಅವರ ಬಟ್ಟೆಯ ಜೊತೆ ನೆನೆಹಾಕುವುದನ್ನೇ ಬಿಟ್ಟೆ.

ನಮ್ಮ ಮಾವನವರೂ ಅದೇ ಕೆಲಸದವರು, ಅವರು ಹೇಳುತ್ತಿದ್ದ ಕಥೆ ಇನ್ನೂ ಹಿಂದಿನದು. ರೈಲು ಹುಟ್ಟಿದ ಹೊಸದರಲ್ಲಿ ಅದನ್ನು ಓಡಿಸಲು ಕಲಿತವರಿಗೆ ನಿಲ್ಲಿಸುವುದು ಅಷ್ಟಾಗಿ ತಿಳಿದಿರಲಿಲ್ಲವಂತೆ. ಎಂಜಿನ್ನಿಗೆ ಎಳೆಯುವ ಬಲ ಇತ್ತು, ಹಿಂದಿನಿಂದ ನೂಕಿಕೊಂಡು ಬರುವ ಡಬ್ಬಿಗಳನ್ನು ತಡೆಯುವ ಬಲ ಇರಲಿಲ್ಲ. ಆದ್ದರಿಂದ ಬಂಡಿಯ ಉದ್ದಕ್ಕೂ ಅಲ್ಲಲ್ಲಿ ಒಬ್ಬೊಬ್ಬ ಮನುಷ್ಯನನ್ನು ಕೂಡಿಸಿ, ಅವನ ಕೈಗೊಂದು ತಿರುಪಿನ ಚಕ್ರ ಕೊಟ್ಟುಬಿಟ್ಟರು. ಚಕ್ರ ತಿರುಗಿಸಿದರೆ ಕೆಳಗೆ ಮರದ ದಿಮ್ಮಿಯೊಂದು ಗಾಲಿಗೆ ಒತ್ತಿಕೊಳ್ಳುತ್ತಿತ್ತು; ಒತ್ತಿದ ಮರ ಉಜ್ಜಿ ಕಾದು ಹೊಗೆಯಾಡಿ, ಇಳಿಜಾರಿನ ತುಂಬ ಸುಟ್ಟ ಕಟ್ಟಿಗೆಯ ವಾಸನೆ ಹರಡುತ್ತಿತ್ತಂತೆ. ಮರ ಹೋಗಿ ಕಬ್ಬಿಣ ಬಂತು. ಚಕ್ರ ಮತ್ತು ಮನುಷ್ಯ ಹಾಗೆಯೇ ಉಳಿದರು.

ನಮ್ಮ ಯಜಮಾನರ ಕಾಲಕ್ಕೆ ಡ್ರೈವರ್ ಮುಂದೆ, ಬ್ರೇಕ್ಸ್‌ಮನ್ ಒಬ್ಬನೇ ಎಲ್ಲಕ್ಕಿಂತ ಹಿಂದೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ನಡುವೆ ಇದ್ದದ್ದು ಸೀಟಿ ಒಂದೇ. ನಮ್ಮ ಘಟ್ಟದಲ್ಲಿ ಗಿಡ್ಡ ಸೀಟಿಗಳು ಒಂದರ ಬೆನ್ನಿಗೊಂದು ಬಂದರೆ ‘ಹಿಡಿ’ ಎಂದರ್ಥ. ಉದ್ದನೆಯ ಸೀಟಿ ಬಂದರೆ ‘ಬಿಡು’. ಘಟ್ಟದ ತಲೆಯ ಮೇಲಿದ್ದ ಕ್ವಾರ್ಟರ್ಸಿನಲ್ಲಿ ರೊಟ್ಟಿ ಬಡಿಯುತ್ತ ಕುಳಿತ ನಮಗೂ ಅದು ಬಾಯಿಪಾಠ. ಗಿಡ್ಡ ಸೀಟಿ ಕೇಳಿದರೆ ನನ್ನ ಕೈಯೂ ರೊಟ್ಟಿಯ ಮೇಲೆ ಬಿಗಿಯುತ್ತಿತ್ತು. ಮುಂದಿನವನು ‘ಹಿಡಿ’ ಎಂದು ಕೇಳುತ್ತಿದ್ದ, ಹಿಂದಿನವನು ಹಿಡಿಯುತ್ತಿದ್ದ. ಹಿಂದಿನವನು ಇದ್ದಾನೆ ಎಂಬ ನೆಚ್ಚಿಕೆಯ ಮೇಲೆ ಮುಂದಿನವನು ಇಳಿಜಾರಿಗೆ ಮುಖ ಮಾಡುತ್ತಿದ್ದ.

ಒಮ್ಮೆ ಹಗಲಿನಲ್ಲಿ ಘಟ್ಟ ಹತ್ತುವಾಗ ಡಬ್ಬಿ ಡಬ್ಬಿಯ ನಡುವಿನ ಕೊಂಡಿ ಕಡಿಯಿತು. ಹಗುರಾದ ಎಂಜಿನ್ನು ಮುಂದೆ ಹೋಯಿತು, ಹಿಂದಿನ ನಾಲ್ಕಾರು ಡಬ್ಬಿಗಳೂ ನಮ್ಮ ಯಜಮಾನರೂ ಏರಿನಲ್ಲಿ ಉಳಿದರು. ಅವು ಇನ್ನೇನು ಹಿಂದಕ್ಕೆ ಉರುಳಬೇಕು, ಅಷ್ಟರಲ್ಲಿ ಇವರು ಚಕ್ರ ತಿರುಗಿಸಿ ಹಿಡಿದರು. ಮುಂದೆ ಹೋದವರಿಗೆ ಗೊತ್ತೇ ಇರಲಿಲ್ಲ. ಎಂಜಿನ್ನು ತಿರುವು ದಾಟಿತು, ಅದರ ಸದ್ದೂ ಅಡಗಿಹೋಯಿತು.

“ಅಷ್ಟೊತ್ತು ಏನ್ ಮಾಡಿದ್ರಿ?” ಎಂದು ನಾನು ಕೇಳಿದ್ದೆ.

“ಹಿಡಕೊಂಡು ಕುಂತಿದ್ದೆ. ಬುತ್ತಿನೂ ಬಿಚ್ಚಲಿಲ್ಲ.”

“ತಿರುಪು ಬಿಗದ ಮ್ಯಾಲ ಕೈ ಬಿಟ್ರ ನಡೀತದ ಅಂತಿದ್ರಲ್ಲ?”

“ನಡೀತದ. ಆದ್ರ ಬಿಡಲಿಕ್ಕೆ ಧೈರ್ಯ ಆಗಬೇಕಲ್ಲ.”

ಆಮೇಲೆ ಎಲ್ಲ ಬಂಡಿಗಳಿಗೂ ಪೈಪಿನ ಬ್ರೇಕು ಬಂತು. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದೇ ಕೊಳವೆ. ಡ್ರೈವರ್ ಒಂದು ಹಿಡಿಕೆ ಎಳೆದರೆ ಎಲ್ಲ ಗಾಲಿಗಳೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಅದರ ಹೆಚ್ಚುಗಾರಿಕೆ ಇನ್ನೊಂದಿದೆ. ಕೊಂಡಿ ಕಡಿದು ಪೈಪು ಕಿತ್ತರೆ ಎರಡೂ ತುಂಡುಗಳು ತಾವಾಗಿಯೇ ನಿಂತುಬಿಡುತ್ತವೆ. ಹಿಂದಿನದು ಬಿಟ್ಟುಹೋದರೆ ಮುಂದಿನದಕ್ಕೆ ಹೆಜ್ಜೆ ಎತ್ತಲಾಗುವುದಿಲ್ಲ. ಇದನ್ನು ಕಂಡುಹಿಡಿದವನು ಜಾಣ, ಸಂಶಯವಿಲ್ಲ. ಮನುಷ್ಯರ ನಡುವೆ ಅಂಥದೊಂದು ಪೈಪನ್ನು ಮಾತ್ರ ಯಾರೂ ಹಾಕಿಲ್ಲ. ನಮ್ಮ ಯಜಮಾನರಿಗೆ ಯಾರ್ಡಿನಲ್ಲಿ ಬೇರೆ ಕೆಲಸ ಕೊಟ್ಟರು. ಸಂಬಳ ಕಡಿಮೆಯಾಗಲಿಲ್ಲ, ಆದರೆ ಅವರಿಗಾಗಿ ಸೀಟಿ ಹಾಕುವವರು ಯಾರೂ ಉಳಿಯಲಿಲ್ಲ. ಊಟಕ್ಕೆ ಕೂತಾಗ ಎಂಜಿನ್ನು ಕೂಗಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ನಿವೃತ್ತರಾದರು, ಕ್ವಾರ್ಟರ್ಸು ಬಿಟ್ಟೆವು, ಧಾರವಾಡದಲ್ಲಿ ಬಾಡಿಗೆಗೆ ಇದ್ದೆವು, ಅವರು ತೀರಿಕೊಂಡರು. ಅಲ್ಲಿಗೆ ಅವರ ಕಥೆ ಮುಗಿಯಿತು.

ಅದಾದ ಮೇಲೆ ಮಕ್ಕಳು ನನ್ನನ್ನು ಇಲ್ಲಿಗೆ ಕರೆಸಿಕೊಂಡರು. ಮಗ ರಮೇಶ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಡಾಕ್ಟರು, ವಿಜಯಾ ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ, ನಡುವೆ ಒಂದು ಹಗಲಿನ ರೈಲು. ಯಾರೂ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಚ್ಚಗಿನ ಹೊದಿಕೆ ಇದೆ, ಫ್ರಿಜ್ಜಿನ ತುಂಬ ಹಣ್ಣಿದೆ. ಆದರೆ ಬೆಳಿಗ್ಗೆ ಎಲ್ಲರೂ ಒಂದೊಂದು ಬಾಗಿಲು ಹಾಕಿಕೊಂಡು ಹೋದ ಮೇಲೆ ಮನೆಯಲ್ಲಿ ಫ್ರಿಜ್ಜು ಗುರುಗುಟ್ಟುವುದೊಂದೇ ಮಾತು. ಸಿಡ್ನಿಯಲ್ಲಾದರೆ ಮಗನ ಮನೆಯಿಂದ ನಡೆದು ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಅಲ್ಲಿಯ ಕರೆಂಟಿನ ರೈಲುಗಳಲ್ಲಿ ಗಾರ್ಡು ಒಬ್ಬ ಇದ್ದಾನೆ, ತಲೆ ಹೊರಗೆ ಹಾಕಿ ಎಲ್ಲರೂ ಹತ್ತಿದರೋ ಎಂದು ನೋಡಿ ಸೀಟಿ ಊದುತ್ತಾನೆ. ಹತ್ತದೆ ಕೂತಿದ್ದ ನನ್ನನ್ನೂ ಒಮ್ಮೊಮ್ಮೆ ನೋಡುತ್ತಿದ್ದ. ಮೆಲ್ಬೋರ್ನಿಗೆ ಬಂದರೆ ಅದೂ ಇಲ್ಲ. ಇಲ್ಲಿಯ ರೈಲಿನಲ್ಲಿ ಗಾರ್ಡುಗಳನ್ನು ತೆಗೆದುಬಿಟ್ಟಿದ್ದಾರೆ. ಡ್ರೈವರ್ ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ.

ಈ ವರ್ಷ ಮಕ್ಕಳಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ನನ್ನ ಪಿಆರ್‌ಗೆ ಅರ್ಜಿ ತಯಾರು ಮಾಡಿದರು. ಪಿಆರ್ ಎಂದರೆ ಈ ದೇಶದಲ್ಲೇ ಕಾಯಮ್ಮಾಗಿ ಉಳಿಯುವ ಪರವಾನಗಿ. ರಮೇಶ ಸಿಡ್ನಿಯಿಂದ ಫೋನ್ ಮಾಡಿದ.

“ಅವ್ವಾ, ಎಲ್ಲಾ ರೆಡಿ ಅದ. ನೀ ಬರೇ ಸೈನ್ ಮಾಡು, ಮುಗೀತು.”

“ಏನ್ ಮುಗೀತು?”

“ಟೆನ್ಶನ್ ಮುಗೀತು ಅವ್ವಾ.”

“ಯಾರದು?” ಎಂದೆ. ಅವನು ನಕ್ಕ. ನಾನು ಫೋನನ್ನು ಮಗಳ ಕೈಗೆ ಕೊಟ್ಟು ಬೇಳೆ ನೋಡಲಿಕ್ಕೆ ಹೋದೆ. ಧಾರವಾಡದಲ್ಲಿ ನನ್ನ ತಂಗಿ ಗಂಗಾ ಇದ್ದಾಳೆ, ನನ್ನಂತೆಯೇ ಗಂಡ ತೀರಿಕೊಂಡವಳು. ಅಲ್ಲಿಗೆ ಹೋಗಿ ಅವಳ ಜೊತೆ ಇರಬೇಕೆಂಬ ಆಸೆ ನನಗಿತ್ತು. ನಿನಗೇನು ಬೇಕು ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಸಹಿ ಮಾಡಲಿಲ್ಲ. ಅರ್ಜಿ ಫ್ರಿಜ್ಜಿನ ಮೇಲೆ ಬಿದ್ದುಕೊಂಡಿತು.

ಅಂಥ ದಿನಗಳಲ್ಲಿ ಒಂದು ಭಾನುವಾರ ವಿಜಯಾ ನನ್ನನ್ನೂ ಮೊಮ್ಮಗಳು ನೇಹಾಳನ್ನೂ ಗುಡ್ಡದ ಕಡೆ ಹಳೆಯ ಉಗಿಬಂಡಿ ತೋರಿಸಲು ಕರೆದುಕೊಂಡು ಹೋದಳು. ಅಳಿಯನ ಕೆಲಸ ಪಶ್ಚಿಮದ ಗಣಿಯಲ್ಲಿ, ಕೆಲವು ವಾರ ಅಲ್ಲಿ, ಕೆಲವು ದಿನ ಇಲ್ಲಿ. ಆ ಭಾನುವಾರ ಅವನು ಅಲ್ಲಿದ್ದ. ಹವ್ಯಾಸಕ್ಕೆಂದು ಕೆಲವರು ಹಳೆಯ ಬಂಡಿಯನ್ನು ಉಜ್ಜಿ ಹೊಳಪಿಟ್ಟು ಓಡಿಸುತ್ತಾರೆ. ಕೊನೆಯ ಡಬ್ಬಿ ಬ್ರೇಕ್‌ವ್ಯಾನ್. ಹತ್ತಿದ ಕೂಡಲೇ ನೋಡಿದೆ: ನೆಟ್ಟಗೆ ನಿಂತ ಕಂಬ, ಅದರ ನೆತ್ತಿಗೆ ಕಬ್ಬಿಣದ ಚಕ್ರ, ಕೈ ಸವೆಸಿದ ಕಡೆ ಬೆಳ್ಳಗಾದ ಹಿಡಿ. ಯಜಮಾನರ ಕೆಲಸದ ಜಾಗವನ್ನು ನಾನು ಹೊರಗಿನಿಂದ ಕಂಡಿದ್ದೆನೇ ಹೊರತು ಒಳಗೆ ಕೂತವಳಲ್ಲ. ಚಕ್ರದ ಪಕ್ಕದ ಹಲಗೆಯ ಮೇಲೆ ಕೂತೆ. ಬಿಳಿಗಡ್ಡದ ಗಾರ್ಡು ಹೊರಗಿನ ಕಟಕಟೆಯ ಹತ್ತಿರ ನಿಂತು ಯಾರಿಗೋ ಏನೋ ವಿವರಿಸುತ್ತಿದ್ದ. ಬಂಡಿ ಹೊರಟಿತು. ಅಲ್ಲಿ ಕೂತರೆ ಮುಂದಿನದೇನೂ ಕಾಣುವುದಿಲ್ಲ. ದಾಟಿ ಬಂದ ಹಳಿಗಳು ಮಾತ್ರ ಎರಡು ಗೆರೆಯಾಗಿ ದೂರ ಹೋಗಿ ಒಂದಾಗುತ್ತವೆ. ವರ್ಷಗಟ್ಟಲೆ ಈ ಮನುಷ್ಯ ಇದನ್ನೇ ನೋಡುತ್ತ ಕೂತಿದ್ದರೇ ಎಂದುಕೊಂಡೆ. ಮನೆಗೆ ಬಂದಾಗ ಮಾತು ಕಡಿಮೆ ಎಂದು ನಾನು ಅವರನ್ನು ಎಷ್ಟು ಬೈದಿದ್ದೇನೆ!

ಇಳಿಜಾರು ಶುರುವಾಯಿತು. ಆಗ ಮುಂದಿನಿಂದ ಸೀಟಿ ಬಂತು, ಗಿಡ್ಡ ಗಿಡ್ಡದ್ದು, ಒಂದರ ಬೆನ್ನಿಗೊಂದು.

ನಾನು ಎದ್ದೆ. ಯೋಚಿಸಿದೆ ಎಂದು ಹೇಳಿದರೆ ಸುಳ್ಳಾದೀತು. ಸೆರಗು ಸಿಕ್ಕಿಸಿ ಎರಡೂ ಕೈಯಿಂದ ಚಕ್ರ ತಿರುಗಿಸಿದೆ. ಎಣ್ಣೆ ಹಾಕಿ ಇಟ್ಟಿದ್ದರು, ಸಲೀಸಾಗಿ ತಿರುಗಿತು. ಕೆಳಗೆ ಕಬ್ಬಿಣ ಕಿರುಗುಟ್ಟಿತು, ಡಬ್ಬಿ ಹಿಂದಕ್ಕೆ ಜಗ್ಗಿತು. ಬಂಡಿ ನಿಲ್ಲಿಸಿದೆ ಎಂದರೆ ದೊಡ್ಡ ಮಾತಾಗುತ್ತದೆ. ಹಿಂದೆ ಏನೋ ಹಿಡಿದಿದೆ ಎಂದು ಮುಂದಿನವನಿಗೆ ಗೊತ್ತಾಗಿ ಅವನೇ ನಿಲ್ಲಿಸಿದ.

ಬಿಳಿಗಡ್ಡದವನು ಓಡಿ ಬಂದ, ಮುಖ ಕೆಂಪಾಗಿತ್ತು. ವಿಜಯಾ “ಸಾರಿ, ಸಾರಿ, ಸೋ ಸಾರಿ” ಎಂದು ಅವನ ಮುಂದೆ ಕೈಯಾಡಿಸುತ್ತಿದ್ದಳು. ನೇಹಾ ತಲೆ ತಗ್ಗಿಸಿ, “ಓ ಗಾಡ್, ಅಜ್ಜಿ ಸ್ಟಾಪ್ಡ್ ದ ಟ್ರೇನ್” ಎಂದಳು.

“ಏನ್ ಮಾಡಿದಿ ಅವ್ವಾ?”

“ಸೀಟಿ ಹಾಕಿದ್ರು, ಹಿಡದೆ.”

ವಿಜಯಾ ಗಾರ್ಡಿಗೆ ಹೇಳಿದಳು, ಅವಳಪ್ಪನ ವಿಷಯವನ್ನೂ ಹೇಳಿದಳೆಂದು ತೋರುತ್ತದೆ. ಅವನ ಮುಖದ ಕೆಂಪು ಇಳಿಯಿತು. ಅವನು ಹೇಳಿದ್ದನ್ನು ಅವಳು ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿಸಿದಳು: “ಹಳಿ ಮ್ಯಾಲ ಕುರಿ ಬಂದಿದ್ವಂತ ಅವ್ವಾ. ಕುರಿ ಓಡಿಸಲಿಕ್ಕೆ ಹಾಕಿದ್ರಂತ. ಅದು ನಿನಗಲ್ಲಂತ.”

ಅದು ನಿನಗಲ್ಲ. ಅವನು ತಪ್ಪೇನೂ ಹೇಳಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಎಷ್ಟೋ ಸದ್ದುಗಳಿಗೆ ನಾನು ಹಾಗೆ ಎದ್ದಿದ್ದೇನೆ. ಬಾಗಿಲ ಗಂಟೆ ಬಾರಿಸಿದರೆ ಪಾರ್ಸೆಲ್ಲಿನವನು, ಫೋನು ರಿಂಗಾದರೆ ನೇಹಾಳ ಗೆಳತಿ. ನಾನು ಬೇಕೆಂದು ಕೂಗಿದಂತೆ ಕೇಳುತ್ತದೆ, ಹೋಗಿ ನೋಡಿದರೆ ಕೂಗಿದ್ದು ಕುರಿಗೆ. ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಿಚ್ಚಿದೆ. ಗಾರ್ಡು ಸಹಾಯಕ್ಕೆ ಕೈ ಚಾಚಿದ; ಬೇಡ ಎಂದೆ.

ಸಂಜೆ ಮನೆ ಮುಟ್ಟಿದೆವು. ಇಳಿಜಾರಿನಲ್ಲಿ ಕಾರು ನಿಂತಿತು. ವಿಜಯಾ ಹ್ಯಾಂಡ್‌ಬ್ರೇಕು ಎಳೆದಳು, ನೇಹಾ ಇಳಿದು ಓಡಿದಳು. ನನಗೆ ಬೆಲ್ಟು ಬಿಚ್ಚಲು ಬರುವುದಿಲ್ಲ, ಮಗಳು ಬಿಚ್ಚಲಿ ಎಂದು ಕಾದೆ. ಅವಳು ಬಿಚ್ಚಲಿಲ್ಲ. ಬ್ರೇಕು ಬಿಗಿದಾಗಿತ್ತು, ಆದರೂ ಅವಳ ಎಡಗೈ ಹಿಡಿಕೆಯ ಮೇಲೆಯೇ ಇತ್ತು. ಕಣ್ಣು ಗ್ಯಾರೇಜಿನ ಬಾಗಿಲ ಮೇಲೆ. ಓಹೋ, ದಿನವೂ ಆಗುವ ತಡ ಇದೇ ಎಂದು ಆಗ ನನಗೆ ತಿಳಿಯಿತು.

“ಅಪ್ಪ ಕುಂತಿದ್ರಲ್ಲ ಅವ್ವಾ, ಕೊಂಡಿ ಕಡದಾಗ. ಎಷ್ಟೊತ್ತು ಕುಂತಿದ್ರು?”

“ಅವರು ತಿರುಗಿ ಬರೂತನಕ.”

“ಯಾರೂ ಬರದಿದ್ರ?”

“ಅದನ್ನ ನಾ ಕೇಳಲಿಲ್ಲ.”

 ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು: “ನಿನಗ ಇಲ್ಲೆ ಇರೂದು ಬೇಕೇನವ್ವಾ?”

“ಬ್ಯಾಡ.”

“ನಮ್ಮ ಮ್ಯಾಲ ಸಿಟ್ಟೇನು?”

“ಸಿಟ್ಟಿಲ್ಲ. ಇಲ್ಲೆ ಹಗಲು ಭಾಳ ಉದ್ದ. ಧಾರವಾಡದಾಗ ಗಂಗಾನ ಜೋಡಿ ಜಗಳಾನರ ಆಡ್ತೀನಿ.”

ಅವಳು ನಕ್ಕಳು, ಆ ನಗೆ ಪೂರ್ತಿಯಾಗಲಿಲ್ಲ. “ರಮೇಶಗ ನಾ ಹೇಳ್ತೀನಿ,” ಎಂದಳು. ಮತ್ತೆ, “ನಾನೂ ದಿನಾ ಇಲ್ಲೆ ಒಂದಿಷ್ಟು ಕೂತು ಒಳಗ ಬರ್ತೀನವ್ವಾ. ಯಾಕಂತ ಗೊತ್ತಿಲ್ಲ. ಲ್ಯಾಬಿನಾಗೂ ಯಾರೂ ಮಾತಾಡಂಗಿಲ್ಲ, ಒಳಗ ಬಂದ ಮ್ಯಾಲೂ ಕೆಲಸನ. ಇದೊಂದು ನಡುವಿನ ಜಾಗ.”

“ಗೊತ್ತದ,” ಎಂದೆ. “ಚಹಾ ಆರ್ತದ.”

ಹೋಗುವುದು ಕಾಯಮ್ಮಾಗಿದೆ. ಟಿಕೆಟ್ಟು ಬುಕ್ ಆಗಿದೆ. ರಮೇಶ ಎರಡು ದಿನ ಫೋನಿನಲ್ಲಿ ಕೂಗಾಡಿ ಮೂರನೆಯ ದಿನ ನನ್ನ ಬಿಪಿ ಮಾತ್ರೆಗಳ ವಿಚಾರಕ್ಕೆ ಇಳಿದ. ವಿಜಯಾ ಅತ್ತಳು, ಆದರೂ ಇರು ಎನ್ನಲಿಲ್ಲ. ಕೇಳಿ, ಉತ್ತರ ಪಡೆದ ಮೇಲೆ ಹಾಗೆ ಅನ್ನಬಾರದೆಂದು ಅವಳಿಗೆ ತಿಳಿದಿತ್ತು. ಹೋಗುತ್ತೇನೆಂದು ನಾನು ಕುಣಿಯುತ್ತಲೂ ಇಲ್ಲ. ಬಿಟ್ಟು ಹೋಗುವವರಿಗೆ ಗೊತ್ತಾಗುವುದಿಲ್ಲ ಎಂದು ಇಷ್ಟು ದಿನ ಕೊನೆಯ ಡಬ್ಬಿಯಲ್ಲಿ ಕೂತವಳ ಹಾಗೆ ದೂರುತ್ತಿದ್ದೆ. ಈಗ ಬಿಟ್ಟು ಹೋಗುವವಳು ನಾನೇ, ನನಗೆ ಚೆನ್ನಾಗಿ ಗೊತ್ತಾಗುತ್ತಿದೆ.

ಈಗೀಗ ಆ ಸದ್ದು ಬಂದ ಮೇಲೆ ನಾನು ನೀರಿಡುವುದಿಲ್ಲ. ಹೊತ್ತು ನೋಡಿಕೊಂಡು ಮೊದಲೇ ಚಹಾ ಮಾಡಿ ಮುಚ್ಚಿಟ್ಟಿರುತ್ತೇನೆ. ಹೊರಗೆ ಕರಕರ ಎಂದ ಕೂಡಲೇ ಎರಡು ಲೋಟ ಹಿಡಿದು ಚಪ್ಪಲಿ ಮೆಟ್ಟಿ ಹೋಗುತ್ತೇನೆ. ವಿಜಯಾ ಒಳಗಿನಿಂದ ಬಾಗಿಲು ತೆರೆಯುತ್ತಾಳೆ, ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ಬೆಲ್ಟು ಹಾಕುವ ತಾಪತ್ರಯವಿಲ್ಲ, ಎಲ್ಲಿಗೂ ಹೋಗುವುದಿಲ್ಲವಲ್ಲ. ಅವಳ ಕೈ ಹಿಡಿಕೆಯ ಮೇಲಿರುತ್ತದೆ. ಆ ಕೈಗೇ ಲೋಟ ಕೊಡುತ್ತೇನೆ. ಅದನ್ನು ಹಿಡಿಯಬೇಕೆಂದರೆ ಹಿಡಿಕೆಯಿಂದ ಕೈ ಬಿಡಲೇಬೇಕು; ಬಿಡುತ್ತಾಳೆ. ಕಾರು ನಿಂತಲ್ಲೇ ನಿಂತಿರುತ್ತದೆ.