ಗೋಡೆಗೆ ಬರೆದದ್ದು

ಪೇಂಟರಣ್ಣನ ಅಕ್ಷರ ಕಂಡು ಮೂಗಿನ ಮೇಲೆ ಬೆರಳಿಡದವರು ಇಡೀ ಇಲಾಖೆಯಲ್ಲಿ ಇರಲಿಲ್ಲ. ಅಳತೆ ಕೋಲು ಹಿಡಿಯದೆ, ಗೆರೆ ಹಾಕಿಕೊಳ್ಳದೆ ಕುಂಚ ಎಳೆದರೂ ಸಾಲು ಎಳ್ಳಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಬಡ್ತಿ ಸಿಗಲಿಲ್ಲ, ಸ್ವಂತ ಮನೆ ಆಗಲಿಲ್ಲ; ಆ ಕೈಯೊಂದೇ ಅವನ ಆಸ್ತಿ.

ಇಲಾಖೆಗೆ ಪರಿಸರ ನಿರ್ವಹಣೆಯ ಪ್ರಮಾಣಪತ್ರದ ಹುಚ್ಚು ಹಿಡಿದ ವರ್ಷ, ಪರಿಸರ ನೀತಿಯನ್ನು ಮುಂಬಾಗಿಲ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದವನೂ ಅವನೇ. ಅರ್ಥದ ಗೊಡವೆಗೆ ಹೋಗಲಿಲ್ಲ. ಬರೆಯುವವನಿಗೆ ಕಾಣುವುದು ಅಕ್ಷರ, ಮಾತಲ್ಲ. ಅದೇ ವರ್ಷ ಕರೆಂಟು ಉಳಿಸಲೆಂದು ಟ್ಯೂಬ್‌ಲೈಟುಗಳನ್ನೆಲ್ಲ ಕಳಚಿ ಎಲ್‌ಇಡಿ ಹಾಕಿದರು. ಹಳೆಯ ಟ್ಯೂಬುಗಳು ಮೆಟ್ಟಿಲ ಕೆಳಗಿದ್ದ, ಕಿಟಕಿಯಿಲ್ಲದ ಅವನ ಬಣ್ಣದ ಕೋಣೆಗೆ ಬಂದು ಬಿದ್ದವು. ತಪಾಸಣೆಯವರು ಬರುವ ಮುಂಚೆ ಎಲ್ಲ ಒಡೆದು ಡ್ರಮ್ಮಿಗೆ ತುಂಬು, ಜಾಗ ಚೊಕ್ಕಟವಾಗಿರಲಿ ಎಂದರು ಸಾಹೇಬರು. ಮೇಲೆ ಥಳಕು, ಒಳಗೆ ಹುಳುಕು. ಆದರೆ ಚೊಕ್ಕಟವೆಂದರೆ ಅವನಿಗೂ ಪ್ರಾಣ. ಬಾಗಿಲು ಮುಚ್ಚಿಕೊಂಡು, ಗೋಣಿಯಲ್ಲಿ ಸುತ್ತಿ ಒಡೆದ. ಎದ್ದ ಬಿಳಿ ಪುಡಿಯನ್ನು ಬರಿಗೈಯಲ್ಲಿ ಬಾಚಿದ. ಊಟದ ಡಬ್ಬಿ ಬಿಚ್ಚುತ್ತಿದ್ದುದೂ ಅಲ್ಲೇ. ಪ್ರಮಾಣಪತ್ರ ಬಂತು. ಆಮೇಲೆ ಬೇರೆ ಕಚೇರಿಗಳ ಟ್ಯೂಬುಗಳೂ ಬರತೊಡಗಿದವು.

ಮೊದಲು ವಸಡು ನೊಂದಿತು, ಆಮೇಲೆ ನಿದ್ದೆ ಹೋಯಿತು, ಕೋಪ ಮೂಗಿನ ತುದಿಯಲ್ಲೇ ಕೂತಿತು. ಕೊನೆಗೆ ಬೆರಳು ನಡುಗತೊಡಗಿತು. ಕಚೇರಿಯವರು ಬಿಡುತ್ತಾರೆಯೇ? ಕುಡಿತ ಕಲಿತಿದ್ದಾನೆ ಎಂದು ಆಡಿಕೊಂಡರು. ಒಂದು ಹನಿ ಮುಟ್ಟದ ಮನುಷ್ಯ ಅವನು. ಒಂದು ಸಂಜೆ ಹೆಂಡತಿಯೂ ಹತ್ತಿರ ಬಂದು ಬಾಯಿ ಮೂಸಿ ನೋಡಿದಳು. ನಡುಕಕ್ಕಿಂತ ಆ ಸಂಕಟವೇ ಅವನಿಗೆ ಹೆಚ್ಚಾಯಿತು.

ಪ್ರಮಾಣಪತ್ರ ನವೀಕರಿಸುವ ಹೊತ್ತಿಗೆ ಗೋಡೆಯ ಅಕ್ಷರ ಮಾಸಿತ್ತು. ಮತ್ತೆ ಅವನಿಗೇ ಬರೆಯಲು ಹೇಳಿದರು. ಎಡಗೈಯಲ್ಲಿ ಬಲ ಮಣಿಕಟ್ಟು ಬಿಗಿಹಿಡಿದು, ಒಂದೊಂದೇ ಅಕ್ಷರ ತಿದ್ದುತ್ತಾ ಹೋದಾಗ ಮೊದಲ ಸಲ ಅವನು ತಾನು ಬರೆದದ್ದನ್ನು ಓದಿದ. ಪಾದರಸವಿರುವ ಟ್ಯೂಬ್‌ಲೈಟುಗಳನ್ನು ಒಡೆಯದೆ, ಸಿಬ್ಬಂದಿಗೆ ವಿಷ ತಗಲದಂತೆ ವಿಲೇವಾರಿ ಮಾಡುತ್ತೇವೆ ಎಂದಿತ್ತು ಐದನೆಯ ಸಾಲು. ಕುಂಚ ಕೆಳಗಿಟ್ಟು ನೇರ ಸಾಹೇಬರ ಕೋಣೆಗೆ ಹೋದ.

"ಸಾರ್, ಒಡೀಬಾರ್ದು ಅಂತ ನಾನೇ ಬರ್ದಿದೀನಲ್ಲ. ಮತ್ತೆ ನನ್ ಕೈಲೇ ಯಾಕೆ ಒಡೆಸಿದ್ರಿ?"

ಸಾಹೇಬರು ತಲೆ ಎತ್ತಲಿಲ್ಲ. "ಅದು ಗೋಡೆಗೆ ಬರೆದಿದ್ದು ಕಣಯ್ಯ. ಹೋಗಿ ಮುಗಿಸು, ನಾಳೆ ಅವರು ಬರ್ತಾರೆ."

ಮುಗಿಸಿದ. ಮಾರನೆಯ ದಿನ ತಪಾಸಣೆಯವರು ಮೆಟ್ಟಿಲ ಕೆಳಗಿನ ಕೋಣೆಗೆ ಇಣುಕಿ, ಚೊಕ್ಕಟವಾಗಿದೆ ಎಂದರು. ಗೋಡೆಯ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಅವನು ಹತ್ತಿರ ಸರಿದು ನಿಂತ. ಐದನೆಯ ಸಾಲು ಓದುತ್ತಿದ್ದಾರೆ, ಈಗ ಕೇಳುತ್ತಾರೆ, ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ. ಇಡೀ ಕಚೇರಿಯಲ್ಲಿ ಅವರಿಗೆ ಕಂಡ ಲೋಪ ಒಂದೇ: ಅಕ್ಷರ ಸೊಟ್ಟಗಿದೆ.

ವಾರದೊಳಗೆ ಗೋಡೆಗೆ ಫ್ಲೆಕ್ಸ್ ಬಂತು. ಕುಂಚ ಹಿಡಿಯಲಾಗದವನನ್ನು ಮನೆಗೆ ಕಳಿಸದೆ, ಸಾಹೇಬರು ದೊಡ್ಡ ಮನಸ್ಸು ಮಾಡಿ ಟ್ಯೂಬು ಒಡೆಯುವ ಕೆಲಸಕ್ಕೇ ಹಾಕಿದರು. ಅದಕ್ಕೆ ಕೈ ನಡುಗಿದರೂ ಪರವಾಗಿಲ್ಲವಂತೆ.